ವಾಹಕ ಪರೀಕ್ಷೆಯ ವರದಿ ಬರೆಯುವವರಿಗೆ, ಅದಕ್ಕೆ ನಿಯಮ ರೂಪಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮಗು ಬೇಕೆಂದು ಯೋಚಿಸುತ್ತಿರುವ ದಂಪತಿಗಳು ಆನುವಂಶಿಕ ವಾಹಕ ಪರೀಕ್ಷೆ (ಸಾಮಾನ್ಯವಾಗಿ ತಮಗೆ ಕಾಯಿಲೆ ಇಲ್ಲದಿದ್ದರೂ ಅದರ ದೋಷಯುಕ್ತ ಜೀನನ್ನು ಮಗುವಿಗೆ ದಾಟಿಸಬಲ್ಲ 'ವಾಹಕ'ರೇ ಎಂದು ನೋಡುವ ಪರೀಕ್ಷೆ) ಮಾಡಿಸಿಕೊಂಡು ವರದಿಯೊಂದಿಗೆ ಬಂದಾಗ, ಅವರೊಡನೆ ಕುಳಿತು ಅದರ ಅರ್ಥವನ್ನು ಬಿಡಿಸಿ ಹೇಳುವುದು ನನ್ನ ವೃತ್ತಿ. ಈ ಪತ್ರವನ್ನು ಪ್ರಯೋಗಾಲಯಗಳ ಮುಖ್ಯಸ್ಥರಿಗೆ, ಪರೀಕ್ಷೆಗೆ ಚೀಟಿ ಬರೆದುಕೊಡುವ ವೈದ್ಯರಿಗೆ ಮತ್ತು ಇಂಥ ಪರೀಕ್ಷೆಗಳಿಗೆ ನಿಯಮ ರೂಪಿಸುವ ಅಧಿಕಾರಿಗಳಿಗೆ ಬರೆಯುತ್ತಿದ್ದೇನೆ. ಮಗುವಿನ ಯೋಚನೆಯಲ್ಲಿರುವವರೂ ಇದನ್ನು ಓದಲಿ ಎಂಬ ಆಸೆಯಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಪರೀಕ್ಷೆಯ ತಾಂತ್ರಿಕ ಗುಣಮಟ್ಟದ ಬಗ್ಗೆ ನನಗೆ ದೂರಿಲ್ಲ. ನನ್ನ ದೂರು ಬೇರೆ: ನಿಮ್ಮ ವರದಿ ಒಬ್ಬ ವ್ಯಕ್ತಿಯ ಜೀನುಗಳ ಬಗ್ಗೆ ಹೇಳುತ್ತದೆ, ಆದರೆ ಅದನ್ನು ಓದುವವರು ಕೇಳುತ್ತಿರುವುದು ತಮ್ಮಿಬ್ಬರಿಗೆ ಹುಟ್ಟಬಹುದಾದ ಮಗುವಿನ ಬಗ್ಗೆ. ಈ ಎರಡರ ನಡುವೆ ಮಾಡಬೇಕಾದ ಲೆಕ್ಕ, ಕೊಡಬೇಕಾದ ವಿವರಣೆ ಎಲ್ಲವೂ ದಂಪತಿಗಳ ಪಾಲಿಗೆ ಬಿದ್ದಿದೆ, ಮತ್ತು ಅವರು ಅದನ್ನು ತಮಗೆ ತೋಚಿದ ಹಾಗೆ ಮಾಡಿಕೊಳ್ಳುತ್ತಿದ್ದಾರೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಹೆಂಡತಿಯ ವರದಿಯಲ್ಲಿ ಪಾಂಪೆ ಕಾಯಿಲೆಗೆ, ಗಂಡನ ವರದಿಯಲ್ಲಿ ವಿಲ್ಸನ್ ಕಾಯಿಲೆಗೆ ಸಂಬಂಧಿಸಿದ ಜೀನಿನಲ್ಲಿ ಒಂದೊಂದು ದೋಷಯುಕ್ತ ಪ್ರತಿ ಕಂಡುಬಂದಿತ್ತು. ಎರಡು ವರದಿಗಳು ಎರಡು ಬೇರೆ ದಿನ ಬಂದಿದ್ದವು, ಎರಡರ ತಲೆಯ ಮೇಲೂ ಕೆಂಪು ಅಕ್ಷರಗಳಲ್ಲಿ 'ಪಾಸಿಟಿವ್' ಎಂದಿತ್ತು, ಕಾಯಿಲೆಗಳ ವಿವರಣೆ ಪುಟಗಟ್ಟಲೆ ಇತ್ತು. ಇಬ್ಬರೂ ಪಾಸಿಟಿವ್ ಆದ್ದರಿಂದ ತಮಗೆ ಹುಟ್ಟುವ ಮಗುವಿಗೆ ಎರಡೂ ಕಾಯಿಲೆ ಬರುತ್ತದೆ ಎಂದು ಅವರು ತಿಳಿದಿದ್ದರು. ಮಗುವಿನ ಮಾತನ್ನೇ ಮನೆಯಲ್ಲಿ ನಿಲ್ಲಿಸಿಬಿಟ್ಟಿದ್ದರು. ವಾಸ್ತವದಲ್ಲಿ ಈ ಎರಡೂ ಕಾಯಿಲೆಗಳು ಬರಬೇಕಾದರೆ ಒಂದೇ ಜೀನಿನ ಎರಡೂ ಪ್ರತಿಗಳು, ಅಂದರೆ ತಾಯಿಯಿಂದ ಬಂದದ್ದೂ ತಂದೆಯಿಂದ ಬಂದದ್ದೂ, ದೋಷಯುಕ್ತವಾಗಿರಬೇಕು. ಗಂಡನಿಗೆ ಪಾಂಪೆಯ ಜೀನಿನಲ್ಲಿ, ಹೆಂಡತಿಗೆ ವಿಲ್ಸನ್ ಕಾಯಿಲೆಯ ಜೀನಿನಲ್ಲಿ ಏನೂ ಸಿಕ್ಕಿರಲಿಲ್ಲ. ಅವರ ಮಗುವಿಗೆ ಈ ಕಾಯಿಲೆಗಳಲ್ಲಿ ಒಂದು ಬರುವ ಸಾಧ್ಯತೆ ಬಹಳ ಕಡಿಮೆ. ಹೆಚ್ಚೆಂದರೆ ಮಗುವೂ ತಾಯಿಯಂತೆ, ತಂದೆಯಂತೆ ವಾಹಕವಾಗಬಹುದು. ಈ ಒಂದು ವಾಕ್ಯ ಎರಡು ವರದಿಗಳ ಯಾವ ಪುಟದಲ್ಲೂ ಇರಲಿಲ್ಲ, ಏಕೆಂದರೆ ಎರಡೂ ವರದಿಗಳನ್ನು ಒಟ್ಟಿಗೆ ಇಟ್ಟು ನೋಡುವ ಹೊಣೆ ಯಾರಿಗೂ ಇರಲಿಲ್ಲ.

ನೂರಾರು ಜೀನುಗಳನ್ನು ಒಮ್ಮೆಗೇ ನೋಡುವ ಈಗಿನ ವಿಸ್ತೃತ ಪರೀಕ್ಷೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಯಾವುದಾದರೂ ಒಂದು ಕಾಯಿಲೆಗೆ ವಾಹಕರೆಂದು ಗೊತ್ತಾಗುತ್ತದೆ. ವಾಹಕರಾಗಿರುವುದು ಮನುಷ್ಯರಾಗಿ ಹುಟ್ಟಿದವರ ಸಾಮಾನ್ಯ ಸ್ಥಿತಿ. ಇಷ್ಟು ಸಾಮಾನ್ಯವಾದ ಸಂಗತಿಯನ್ನು ಅಪಾಯದ ಬಣ್ಣದಲ್ಲಿ ಅಚ್ಚು ಹಾಕಿ ಕಳಿಸಿದರೆ, ಯಾವ ದಂಪತಿಗೆ ನಿಜವಾಗಿಯೂ ಗಂಭೀರವಾದ ಸುದ್ದಿ ಇದೆಯೋ ಅವರನ್ನು ಉಳಿದವರಿಂದ ಬೇರ್ಪಡಿಸಿ ನೋಡುವುದೇ ಕಷ್ಟವಾಗುತ್ತದೆ.

ಆ ಗಂಭೀರವಾದ ಸುದ್ದಿ ಇರುವವರ ಮಾತಿಗೆ ಬರೋಣ. ಗಂಡ ಹೆಂಡತಿ ಇಬ್ಬರೂ ಒಂದೇ ಅಪ್ರಬಲ ಕಾಯಿಲೆಯ, ಅಂದರೆ ಜೀನಿನ ಎರಡೂ ಪ್ರತಿಗಳು ದೋಷಯುಕ್ತವಾದಾಗ ಮಾತ್ರ ಬರುವ ಕಾಯಿಲೆಯ, ವಾಹಕರಾಗಿದ್ದರೆ, ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಮಗು ವಾಹಕವಾಗುವ ಸಾಧ್ಯತೆ ನಾಲ್ಕರಲ್ಲಿ ಎರಡು, ಎರಡೂ ಆಗದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈ ಲೆಕ್ಕವನ್ನು ತೋರಿಸುವ, ಶಾಲೆಯ ವಿಜ್ಞಾನ ಪುಸ್ತಕದಲ್ಲಿರುವ ಚೌಕವನ್ನು ವರದಿಯ ಕೊನೆಗೆ ಅಂಟಿಸಿದರೆ ಅರ್ಥವಾಗಿಬಿಡುತ್ತದೆ ಎಂದು ನೀವು ಭಾವಿಸಿದ್ದೀರಿ. ಆದರೆ ನಾಲ್ಕು ಮನೆಯ ಆ ಚೌಕವನ್ನು ನೋಡಿದವರು ಅದನ್ನು ನಾಲ್ಕು ಮಕ್ಕಳೆಂದು ಓದುತ್ತಾರೆ. ಥಲಸ್ಸೀಮಿಯಾ ಇರುವ ಮೊದಲ ಮಗುವಿನ ತಾಯಿ, ನಮ್ಮ ಪಾಲಿನದು ಆಗಿಹೋಯಿತು, ಇನ್ನು ಮೂವರು ಚೆನ್ನಾಗಿರುತ್ತಾರೆ ಎಂದು ನೆಮ್ಮದಿಯಿಂದ ಹೇಳುವುದನ್ನು ಕೇಳಿದ್ದೇನೆ. ಮೂರು ಆರೋಗ್ಯವಂತ ಮಕ್ಕಳಿರುವವರು ನಾಲ್ಕನೆಯದಕ್ಕೆ ಕಾಯಿಲೆ ಖಚಿತವೆಂದು ನಡುಗುವುದನ್ನೂ ಕಂಡಿದ್ದೇನೆ. ಡಬ್ಬದಲ್ಲಿ ನಾಲ್ಕು ಚೀಟಿ ಹಾಕಿ ಒಂದನ್ನು ಎತ್ತಿ, ನೋಡಿ, ಅದನ್ನು ಮತ್ತೆ ಅದೇ ಡಬ್ಬಕ್ಕೆ ಹಾಕಿ ಕಲಸಿ, ಮುಂದಿನ ಸಲ ಪುನಃ ನಾಲ್ಕು ಚೀಟಿಗಳಿಂದಲೇ ಎತ್ತಿದ ಹಾಗೆ ಇದು ಎಂದು ಹೇಳಿದಾಗ ಬಹುತೇಕರಿಗೆ ಅರ್ಥವಾಗುತ್ತದೆ, ಆದರೆ ಅದನ್ನು ಹೇಳುವವರು ಬೇಕು, ಹೇಳಿದ ಮೇಲೆ ಅವರಿಂದಲೇ ತಿರುಗಿ ಹೇಳಿಸಿ ನೋಡುವವರೂ ಬೇಕು. ಜೊತೆಗೆ, ನಾಲ್ಕರಲ್ಲಿ ಒಂದು ಎಂದು ಹೇಳುವಾಗ ನಾಲ್ಕರಲ್ಲಿ ಮೂರು ಸಲ ಮಗುವಿಗೆ ಆ ಕಾಯಿಲೆ ಇರುವುದಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳದಿದ್ದರೆ ಅರ್ಧ ಮಾತನ್ನು ಮಾತ್ರ ಹೇಳಿದಂತಾಗುತ್ತದೆ.

ಏನೂ ಸಿಗಲಿಲ್ಲ ಎಂಬ ವರದಿಯ ಬಗ್ಗೆ ನನಗೆ ಇನ್ನೂ ಹೆಚ್ಚಿನ ಚಿಂತೆಯಿದೆ, ಏಕೆಂದರೆ ಅಂಥ ವರದಿ ಪಡೆದವರು ನಮ್ಮ ಬಳಿಗೆ ಬರುವುದೇ ಇಲ್ಲ. ಬ್ರಿಟನ್ನಿನಲ್ಲಿ 1990ರ ದಶಕದಲ್ಲಿ, ಶ್ವಾಸಕೋಶ ಮತ್ತು ಜೀರ್ಣಾಂಗಗಳನ್ನು ಬಾಧಿಸುವ ಸಿಸ್ಟಿಕ್ ಫೈಬ್ರೋಸಿಸ್‌ನ ವಾಹಕ ಪರೀಕ್ಷೆ ಮಾಡಿಸಿಕೊಂಡವರನ್ನು ಮೂರು ವರ್ಷಗಳ ಅನಂತರ ವಿಚಾರಿಸಿದಾಗ, ದೋಷ ಕಂಡುಬರದಿದ್ದವರಲ್ಲಿ ಅನೇಕರು ತಾವು ಖಂಡಿತವಾಗಿಯೂ ವಾಹಕರಲ್ಲ ಎಂದು ನಂಬಿಕೊಂಡಿದ್ದರು. ಪರೀಕ್ಷೆ ಹಾಗೆ ಹೇಳಿರಲಿಲ್ಲ. ಹುಡುಕಿದ ದೋಷಗಳು ಸಿಗಲಿಲ್ಲ ಎಂದಷ್ಟೇ ಅದು ಹೇಳಿತ್ತು. ಲೆಕ್ಕ ಹೀಗಿದೆ. ಉತ್ತರ ಯೂರೋಪ್ ಮೂಲದ ಜನರಲ್ಲಿ ಸುಮಾರು 25 ಮಂದಿಗೆ ಒಬ್ಬರು ಈ ಕಾಯಿಲೆಯ ವಾಹಕರು. ವಾಹಕರಲ್ಲಿ ನೂರಕ್ಕೆ 90 ಜನರನ್ನು ಹಿಡಿಯಬಲ್ಲ ಪರೀಕ್ಷೆಯಲ್ಲಿ ಅವರಲ್ಲೊಬ್ಬರಿಗೆ ಏನೂ ಸಿಗದಿದ್ದರೆ, ಅವರು ವಾಹಕರಾಗಿರುವ ಸಾಧ್ಯತೆ 25ರಲ್ಲಿ ಒಂದರಿಂದ 241ರಲ್ಲಿ ಒಂದಕ್ಕೆ ಇಳಿಯುತ್ತದೆ, ಸೊನ್ನೆಗೆ ಇಳಿಯುವುದಿಲ್ಲ. ಅವರ ಸಂಗಾತಿ ವಾಹಕರೆಂದು ಈಗಾಗಲೇ ಗೊತ್ತಿದ್ದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 964ರಲ್ಲಿ ಒಂದು. ಯಾವ ಪರೀಕ್ಷೆಯನ್ನೂ ಮಾಡಿಸಿಕೊಳ್ಳದ ಅದೇ ಸಮುದಾಯದ ಸಾಮಾನ್ಯ ದಂಪತಿಗೆ ಅದು 2,500ರಲ್ಲಿ ಒಂದು. ಅಂದರೆ ಒಬ್ಬರು ವಾಹಕ, ಇನ್ನೊಬ್ಬರಿಗೆ ಏನೂ ಸಿಗಲಿಲ್ಲ ಎಂಬ ದಂಪತಿಯ ಸ್ಥಿತಿ ಸಾಮಾನ್ಯರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚಿನ, ಆದರೂ ಸಣ್ಣ ಸಾಧ್ಯತೆಯ ಸ್ಥಿತಿ. ಈ ಮೂರು ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು ತೋರಿಸಿದರೆ ಹತ್ತನೇ ತರಗತಿ ಓದಿದವರಿಗೂ ತಾವು ಎಲ್ಲಿ ನಿಂತಿದ್ದೇವೆ ಎಂಬುದು ಗೊತ್ತಾಗುತ್ತದೆ. 'ಉಳಿಕೆ ಅಪಾಯ 1/241' ಎಂದು ಸಣ್ಣ ಅಕ್ಷರಗಳಲ್ಲಿ ಒಂದು ಮೂಲೆಯಲ್ಲಿ ಹಾಕಿದರೆ, ಅದನ್ನು ಮಗುವಿನ ಅಪಾಯವೆಂದು ಓದುವವರೂ ಇದ್ದಾರೆ, ಗಮನಿಸದೇ ಹೋಗುವವರೂ ಇದ್ದಾರೆ.

ಸ್ನಾಯುಗಳನ್ನು ದುರ್ಬಲಗೊಳಿಸುತ್ತಾ ಹೋಗುವ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿಯ ವಿಷಯದಲ್ಲಿ ತೊಡಕು ಬೇರೆ ರೀತಿಯದು. ಅಲ್ಲಿ ಪರೀಕ್ಷೆ ಮುಖ್ಯವಾಗಿ ಎಸ್‌ಎಂಎನ್1 ಜೀನಿನ ಪ್ರತಿಗಳನ್ನು ಎಣಿಸುತ್ತದೆ. ಎರಡು ಪ್ರತಿಗಳಿದ್ದರೆ ಸಾಮಾನ್ಯ, ಒಂದೇ ಇದ್ದರೆ ವಾಹಕ. ಆದರೆ ಕೆಲವರಲ್ಲಿ ಆ ಎರಡೂ ಪ್ರತಿಗಳು ಒಂದೇ ವರ್ಣತಂತುವಿನ ಮೇಲೆ ಕುಳಿತಿದ್ದು ಇನ್ನೊಂದು ಖಾಲಿಯಾಗಿರುತ್ತದೆ. ಎಣಿಕೆಗೆ ಅವರು ಸಾಮಾನ್ಯರಂತೆಯೇ ಕಾಣುತ್ತಾರೆ, ಆದರೆ ಖಾಲಿ ವರ್ಣತಂತುವನ್ನು ಮಗುವಿಗೆ ದಾಟಿಸಬಲ್ಲರು. ಇದಲ್ಲದೆ ಈ ಕಾಯಿಲೆಯ ನೂರು ಪ್ರಕರಣಗಳಲ್ಲಿ ಸುಮಾರು ಎರಡರಲ್ಲಿ ದೋಷಗಳಲ್ಲೊಂದು ಹೊಸದಾಗಿ ಹುಟ್ಟಿಕೊಂಡದ್ದು, ತಂದೆತಾಯಿಯರಿಂದ ಬಂದದ್ದಲ್ಲ. ಡುಷೇನ್ ಸ್ನಾಯುಕ್ಷಯದಲ್ಲಿ ಹೀಗೆ ಹೊಸದಾಗಿ ಉಂಟಾಗುವ ಪಾಲು ಸುಮಾರು ಮೂರರಲ್ಲಿ ಒಂದು. ಎಷ್ಟೇ ಜಾಗರೂಕತೆಯಿಂದ ಮಾಡಿದ ವಾಹಕ ಪರೀಕ್ಷೆಯೂ ಅಂಥದ್ದನ್ನು ಮೊದಲೇ ಹೇಳಲಾರದು. ಎಲ್ಲವೂ ಸರಿಯಿದೆ ಎಂಬ ವರದಿ ಹಿಡಿದವರು, ಹಾಗಾದರೆ ಮಗುವಿಗೆ ಡೌನ್ ಸಿಂಡ್ರೋಮ್ ಕೂಡ ಬರುವುದಿಲ್ಲವಲ್ಲ ಎಂದು ಕೇಳುತ್ತಾರೆ. ಅದು ಬಹುಪಾಲು ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ ವರ್ಣತಂತುಗಳ ಹಂಚಿಕೆಯಲ್ಲಾಗುವ ವ್ಯತ್ಯಾಸ, ಈ ಪರೀಕ್ಷೆಯ ವ್ಯಾಪ್ತಿಗೆ ಬಾರದ್ದು. ಪರೀಕ್ಷೆ ಯಾವುದನ್ನು ನೋಡಿಯೇ ಇಲ್ಲ ಎಂಬುದನ್ನು ಮೊದಲ ಪುಟದಲ್ಲಿ ಎರಡು ಸಾಲಿನಲ್ಲಿ ಬರೆಯುವುದರಿಂದ ನಿಮ್ಮ ಪ್ರಯೋಗಾಲಯದ ಗೌರವ ಕಡಿಮೆಯಾಗುವುದಿಲ್ಲ.

ವಾಹಕರಿಗೆ ಆರೋಗ್ಯದ ತೊಂದರೆ ಇರುವುದಿಲ್ಲ ಎಂಬ ವಾಕ್ಯ ನಿಮ್ಮ ಅನೇಕ ವರದಿಗಳಲ್ಲಿ ತಾನೇತಾನಾಗಿ ಮುದ್ರಣವಾಗುತ್ತದೆ. ಬಹುತೇಕ ಕಾಯಿಲೆಗಳ ಮಟ್ಟಿಗೆ ಅದು ಸರಿಯೇ, ಆದರೆ ಎಲ್ಲದಕ್ಕೂ ಅಲ್ಲ. ಬೌದ್ಧಿಕ ಬೆಳವಣಿಗೆಯನ್ನು ಕುಂಠಿತಗೊಳಿಸುವ ಫ್ರಜೈಲ್ ಎಕ್ಸ್ ಕಾಯಿಲೆಯ ಜೀನಿನಲ್ಲಿ ಒಂದು ಸಣ್ಣ ಡಿಎನ್‌ಎ ತುಣುಕಿನ ಪುನರಾವರ್ತನೆಗಳ ಸಂಖ್ಯೆ 55ರಿಂದ 200ರ ನಡುವೆ ಇರುವ ಮಹಿಳೆಯರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಅಂಡಾಶಯಗಳು 40 ವರ್ಷಕ್ಕೆ ಮೊದಲೇ ಸೋಲುತ್ತವೆ; ಮಗುವನ್ನು ಇನ್ನೂ ಕೆಲವು ವರ್ಷ ಮುಂದೂಡೋಣ ಎಂದು ಲೆಕ್ಕ ಹಾಕುತ್ತಿರುವ ಹೆಣ್ಣಿಗೆ ಮಗುವಿನ ಕಾಯಿಲೆಯ ಸಾಧ್ಯತೆಯಷ್ಟೇ ಮುಖ್ಯವಾದ ಸಂಗತಿ ಇದು. ಗುಲ್ಮ, ಯಕೃತ್ತು, ಮೂಳೆಗಳನ್ನು ಬಾಧಿಸುವ ಗೌಷೆ ಕಾಯಿಲೆಯ ವಾಹಕರಲ್ಲಿ ಪಾರ್ಕಿನ್ಸನ್ ಬರುವ ಸಾಧ್ಯತೆ ಇತರರಿಗಿಂತ ಹೆಚ್ಚು. ಎಕ್ಸ್ ವರ್ಣತಂತುವಿಗೆ ಅಂಟಿದ ಕಾಯಿಲೆಗಳಲ್ಲಂತೂ ಲೆಕ್ಕವೇ ಬೇರೆ: ಗಂಡುಮಗುವಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ, ಆದ್ದರಿಂದ ತಾಯಿ ವಾಹಕಳಾದರೆ ತಂದೆಯ ಪರೀಕ್ಷೆ ಏನೇ ಹೇಳಲಿ, ಡುಷೇನ್‌ನಂಥ ಕಾಯಿಲೆಯಲ್ಲಿ ಪ್ರತಿ ಗಂಡುಮಗುವಿಗೂ ಎರಡರಲ್ಲಿ ಒಂದು ಸಾಧ್ಯತೆಯಿದೆ. ಗಂಡನಿಗೆ ಏನೂ ಇಲ್ಲ, ಆದ್ದರಿಂದ ಹೆದರಬೇಕಿಲ್ಲ ಎಂದು ನಂಬಿಕೊಂಡು ಹೋದವರಿಗೆ ಈ ವ್ಯತ್ಯಾಸವನ್ನು ಮೊದಲೇ ಹೇಳದಿದ್ದುದರ ನೋವು ಎಷ್ಟೆಂಬುದನ್ನು ನಾನು ಇಲ್ಲಿ ಬರೆಯಲಾರೆ.

ಜನರಿಗೆ ಇದೆಲ್ಲ ಅರ್ಥವಾಗುವುದಿಲ್ಲ, ಸುಮ್ಮನೆ ಗಾಬರಿಯಾಗುತ್ತಾರೆ ಎಂಬ ಮಾತನ್ನು ನಿಮ್ಮಲ್ಲಿ ಕೆಲವರಿಂದ ಕೇಳಿದ್ದೇನೆ. ಈ ಕ್ಷೇತ್ರದ ಇತಿಹಾಸ ಆ ಮಾತನ್ನು ಒಪ್ಪುವುದಿಲ್ಲ. ಅಮೆರಿಕದಲ್ಲಿ 1970ರ ದಶಕದ ಆರಂಭದಲ್ಲಿ ಕಪ್ಪು ಜನರಲ್ಲಿ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆಯ ತಪಾಸಣೆಯನ್ನು ಅವಸರದಿಂದ ಹಬ್ಬಿಸಿದರು, ಕೆಲವು ರಾಜ್ಯಗಳು ಕಡ್ಡಾಯವನ್ನೂ ಮಾಡಿದವು; ವಾಹಕರಾಗಿರುವುದಕ್ಕೂ ಕಾಯಿಲೆ ಇರುವುದಕ್ಕೂ ಇರುವ ವ್ಯತ್ಯಾಸವನ್ನು ಕಾನೂನು ಬರೆದವರೇ ಸರಿಯಾಗಿ ತಿಳಿದಿರಲಿಲ್ಲ. ಅದರ ಫಲವಾಗಿ ಆರೋಗ್ಯವಂತರಾದ ವಾಹಕರು ಉದ್ಯೋಗದಲ್ಲಿ, ವಿಮೆಯಲ್ಲಿ ತಾರತಮ್ಯ ಅನುಭವಿಸಿದರು, ಅಲ್ಲಿನ ವಾಯುಪಡೆಯ ಅಕಾಡೆಮಿ 1981ರವರೆಗೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1971ರಲ್ಲಿ, ಬಾಲ್ಟಿಮೋರ್ ಮತ್ತು ವಾಷಿಂಗ್ಟನ್ ಸುತ್ತಿನ ಯೆಹೂದಿ ಸಮುದಾಯದಲ್ಲಿ, ಎಳೆಯ ಮಕ್ಕಳ ನರಮಂಡಲವನ್ನು ಹಾಳುಮಾಡುವ ಟೇ-ಸಾಕ್ಸ್ ಕಾಯಿಲೆಯ ವಾಹಕ ಪರೀಕ್ಷೆ ಆರಂಭವಾಯಿತು. ಅದನ್ನು ನಡೆಸಿದ ವೈದ್ಯ ಮೈಕೆಲ್ ಕಬ್ಯಾಕ್ ಮತ್ತು ಅವರ ಸಂಗಡಿಗರು ಮೊದಲ ರಕ್ತದ ಮಾದರಿ ತೆಗೆಯುವ ಮುನ್ನವೇ ಧರ್ಮಗುರುಗಳು, ವೈದ್ಯರು, ಸಮುದಾಯದ ಸ್ವಯಂಸೇವಕರೊಡನೆ ಕುಳಿತು ವಿಷಯವನ್ನು ವಿವರಿಸಿದ್ದರು. ಜನ ತಾವಾಗಿಯೇ ಬಂದರು. ಮುಂದಿನ ದಶಕಗಳಲ್ಲಿ ಉತ್ತರ ಅಮೆರಿಕದ ಆ ಸಮುದಾಯದಲ್ಲಿ ಈ ಕಾಯಿಲೆಯೊಂದಿಗೆ ಹುಟ್ಟುವ ಮಕ್ಕಳ ಸಂಖ್ಯೆ ನೂರಕ್ಕೆ 90ಕ್ಕಿಂತ ಹೆಚ್ಚು ಇಳಿಯಿತು. ವಿಜ್ಞಾನ ಎರಡೂ ಕಡೆ ಅಂದಿನ ಮಟ್ಟಕ್ಕೆ ಸಮರ್ಥವಾಗಿಯೇ ಇತ್ತು. ಒಂದು ಕಡೆ ಜನರೊಡನೆ ಮಾತು ಮೊದಲು ನಡೆಯಿತು, ಇನ್ನೊಂದು ಕಡೆ ನಡೆಯಲಿಲ್ಲ ಎಂಬುದೇ ನನ್ನ ದೃಷ್ಟಿಯಲ್ಲಿ ದೊಡ್ಡ ವ್ಯತ್ಯಾಸ.

ಫಲಿತಾಂಶವನ್ನು ವ್ಯಕ್ತಿಗೆ ಕೊಡದೆ ಜೋಡಿಗೆ ಕೊಡುವ ಕ್ರಮವೂ ಹೊಸದೇನಲ್ಲ. ಸಂಪ್ರದಾಯಸ್ಥ ಯೆಹೂದಿಗಳ ನಡುವೆ 1983ರಲ್ಲಿ ಶುರುವಾದ ಡೋರ್ ಯೆಶೋರಿಮ್ ಎಂಬ ವ್ಯವಸ್ಥೆ, ಮದುವೆಯ ಮಾತುಕತೆಗೆ ಮೊದಲು ಇಬ್ಬರೂ ಒಂದೇ ಕಾಯಿಲೆಯ ವಾಹಕರೇ ಎಂಬುದನ್ನು ಮಾತ್ರ ತಿಳಿಸುತ್ತಾ ಬಂದಿದೆ. ಯಾರು ಯಾವುದರ ವಾಹಕರು ಎಂದು ಬಿಡಿಬಿಡಿಯಾಗಿ ಹೇಳುವುದಿಲ್ಲ, ಯಾರಿಗೂ ಕಳಂಕ ತಟ್ಟಬಾರದೆಂಬುದು ಅವರ ಕಾಳಜಿ. ಆಸ್ಟ್ರೇಲಿಯದಲ್ಲಿ ಸರ್ಕಾರದ ಹಣದಿಂದ ನಡೆದ ಮೆಕೆಂಝೀಸ್ ಮಿಷನ್ ಎಂಬ ಅಧ್ಯಯನದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ದಂಪತಿಗಳನ್ನು ಸಾವಿರಕ್ಕೂ ಮಿಕ್ಕಿದ ಜೀನುಗಳಿಗೆ ಪರೀಕ್ಷಿಸಿ, ಫಲಿತಾಂಶವನ್ನು ಜೋಡಿಯಾಗಿಯೇ ತಿಳಿಸಿದರು. ಅವರಲ್ಲಿ ಹೆಚ್ಚಿದ ಸಾಧ್ಯತೆ ಕಂಡದ್ದು ನೂರಕ್ಕೆ 1.9ರಷ್ಟು ದಂಪತಿಗಳಿಗೆ. ಈ ಸಂಖ್ಯೆಯನ್ನು, ಅರ್ಧಕ್ಕಿಂತ ಹೆಚ್ಚು ಜನ ಯಾವುದಾದರೊಂದರ ವಾಹಕರು ಎಂಬ ಸಂಗತಿಯ ಪಕ್ಕದಲ್ಲಿಟ್ಟು ನೋಡಿ. ಬಿಡಿ ವರದಿ ಬಹುಪಾಲು ಜನರನ್ನು ಹೆದರಿಸುತ್ತದೆ. ಜೋಡಿ ವರದಿ ನೂರರಲ್ಲಿ ಇಬ್ಬರಷ್ಟು ದಂಪತಿಗಳನ್ನು ಮಾತಿಗೆ ಕರೆಯುತ್ತದೆ.

ಹಾಗೆಂದು ಬಿಡಿ ಮಾಹಿತಿಯನ್ನು ಮುಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. ಅದು ಆ ವ್ಯಕ್ತಿಯ ದೇಹದ ಮಾಹಿತಿ, ಕೇಳಿದರೆ ಸಿಗಬೇಕು. ಸಂಗಾತಿ ಬದಲಾಗಬಹುದು. ಒಡಹುಟ್ಟಿದವರಿಗೂ ಅದು ಬೇಕಾಗಬಹುದು: ವಾಹಕರೊಬ್ಬರ ಅಣ್ಣತಮ್ಮಂದಿರು, ಅಕ್ಕತಂಗಿಯರು ಅದೇ ದೋಷವನ್ನು ಹೊಂದಿರುವ ಸಾಧ್ಯತೆ ಸಾಮಾನ್ಯವಾಗಿ ಎರಡರಲ್ಲಿ ಒಂದು, ಅಪ್ರಬಲ ಕಾಯಿಲೆ ಇರುವವರ ಆರೋಗ್ಯವಂತ ಒಡಹುಟ್ಟಿದವರು ವಾಹಕರಾಗಿರುವ ಸಾಧ್ಯತೆ ಮೂರರಲ್ಲಿ ಎರಡು. ನಾನು ಕೇಳುವುದು ಇಷ್ಟೇ, ಮೊದಲ ಪುಟ ದಂಪತಿಗಳ ಪ್ರಶ್ನೆಗೆ ಉತ್ತರಿಸಲಿ, ಬಿಡಿ ವಿವರ ಅದರ ಹಿಂದೆ ಬರಲಿ. ಇಬ್ಬರ ಪರೀಕ್ಷೆಯೂ ಒಂದೇ ಕಡೆ ನಡೆದಿರದಿದ್ದರೆ, ಎರಡನ್ನೂ ಸೇರಿಸಿ ಓದುವ ಹೊಣೆ ಚೀಟಿ ಬರೆದುಕೊಟ್ಟ ವೈದ್ಯರದ್ದೆಂದು ನಿಯಮದಲ್ಲಿ ಸ್ಪಷ್ಟವಾಗಲಿ.

ಪರೀಕ್ಷೆಯನ್ನು ಯಾವಾಗ ಮಾಡಿಸುತ್ತಾರೆ ಎಂಬುದರ ಮೇಲೂ ತಿಳಿವಳಿಕೆ ನಿಂತಿದೆ. ಗರ್ಭ ನಿಲ್ಲುವ ಮೊದಲು ಫಲಿತಾಂಶ ಗೊತ್ತಾದವರಿಗೆ ಯೋಚಿಸಲು ಕಾಲವಿರುತ್ತದೆ, ದಾರಿಗಳೂ ಹೆಚ್ಚಿರುತ್ತವೆ: ಸಹಜವಾಗಿಯೇ ಗರ್ಭ ಧರಿಸಿ ಅನಂತರ ಭ್ರೂಣದ ಪರೀಕ್ಷೆ ಮಾಡಿಸುವುದು, ಪ್ರಯೋಗಾಲಯದಲ್ಲಿ ರೂಪಿಸಿದ ಭ್ರೂಣಗಳನ್ನು ಗರ್ಭಕ್ಕೆ ಸೇರಿಸುವ ಮುನ್ನ ಪರೀಕ್ಷಿಸುವುದು, ದಾನಿಯ ಅಂಡಾಣು ಅಥವಾ ವೀರ್ಯಾಣು ಪಡೆಯುವುದು, ದತ್ತು, ಅಥವಾ ಯಾವ ಪರೀಕ್ಷೆಯೂ ಇಲ್ಲದೆ ಬಂದ ಮಗುವನ್ನು ಬಂದಂತೆ ಸ್ವೀಕರಿಸುವುದು. ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂದು ಹೇಳುವ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ. ಗರ್ಭ ನಿಂತ ಮೇಲೆ ಹೆಂಡತಿಯ ಪರೀಕ್ಷೆ, ಅದರ ಫಲಿತಾಂಶ ಬಂದ ಮೇಲೆ ಗಂಡನ ಪರೀಕ್ಷೆ ಎಂದು ವಾರಗಳು ಕಳೆದರೆ, ಭ್ರೂಣದ ಪೊರೆಯ ಅಂಗಾಂಶ ತೆಗೆದು ನೋಡುವ 10ರಿಂದ 13ನೇ ವಾರದ ಅವಧಿ ಕೈತಪ್ಪುತ್ತದೆ, ಉಳಿದ ತೀರ್ಮಾನಗಳನ್ನು ಗಡಿಯಾರ ನೋಡಿಕೊಂಡು ತೆಗೆದುಕೊಳ್ಳಬೇಕಾಗುತ್ತದೆ. ಅಂಥ ಒತ್ತಡದಲ್ಲಿ ಸಂಭವನೀಯತೆಯ ಲೆಕ್ಕ ಯಾರ ತಲೆಗೂ ಇಳಿಯುವುದಿಲ್ಲ. ಗರ್ಭಿಣಿಯಾದ ಮೇಲೆ ಬಂದವರಿಗಾದರೂ ಇಬ್ಬರ ಮಾದರಿಯನ್ನೂ ಒಂದೇ ದಿನ ತೆಗೆಯುವ ಪದ್ಧತಿ ಬರಲಿ.

ಕಾಯಿಲೆಯ ಹೆಸರು ಒಂದೇ ಆದರೂ ಅದರ ತೀವ್ರತೆ ಒಂದೇ ಅಲ್ಲ ಎಂಬುದನ್ನು ವರದಿಗಳು ಸಾಕಷ್ಟು ಹೇಳುತ್ತಿಲ್ಲ. ಗೌಷೆ ಕಾಯಿಲೆಯಲ್ಲಿ ಎನ್370ಎಸ್ ಎಂಬ ರೂಪಾಂತರದ ಎರಡು ಪ್ರತಿಗಳಿರುವ ಕೆಲವರು ಯಾವ ಲಕ್ಷಣವೂ ಇಲ್ಲದೆ ಮುಪ್ಪಿನವರೆಗೆ ಬದುಕುತ್ತಾರೆ. ಚಿಕಿತ್ಸೆಯೂ ಬದಲಾಗುತ್ತಿದೆ: ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿಗೆ 2016ರಲ್ಲಿ ನುಸಿನರ್ಸೆನ್ ಎಂಬ ಔಷಧ, 2019ರಲ್ಲಿ ಜೀನ್ ಚಿಕಿತ್ಸೆ ಅಮೆರಿಕದಲ್ಲಿ ಮಾನ್ಯತೆ ಪಡೆದವು, ಹುಟ್ಟಿದ ಕೂಡಲೇ ಚಿಕಿತ್ಸೆ ಸಿಕ್ಕ ಮಕ್ಕಳ ಬದುಕು ಹಿಂದಿನ ತಲೆಮಾರಿನ ಮಕ್ಕಳಂತೆ ಇಲ್ಲ. ಆ ಚಿಕಿತ್ಸೆ ಎಲ್ಲರ ಕೈಗೂ ಎಟಕುವುದಿಲ್ಲ ಎಂಬುದೂ ನಿಜ. ಎರಡನ್ನೂ ಬರೆಯಿರಿ. ಕಾಯಿಲೆಯೊಂದಿಗೆ ಬದುಕುತ್ತಿರುವವರು ಮತ್ತು ಅವರ ಕುಟುಂಬದವರು ಆ ವಿವರಣೆಯ ಕರಡನ್ನು ಮೊದಲು ಓದಲಿ.

ಇನ್ನು ಒಂದು ಕೋರಿಕೆ ನಿಯಮ ರೂಪಿಸುವವರಿಗೆ. ಜೀನಿನ ಬದಲಾವಣೆಗಳು (ರೂಪಾಂತರಗಳು) ಕಾಯಿಲೆ ತರುತ್ತವೆಯೇ ಎಂಬುದನ್ನು ಅಳೆಯಲು 2015ರಿಂದ ಬಳಕೆಯಲ್ಲಿರುವ ಐದು ದರ್ಜೆಯ ಪದ್ಧತಿಯಲ್ಲಿ ಒಂದು ರೂಪಾಂತರವನ್ನು 'ಬಹುಶಃ ರೋಗಕಾರಕ' ಎಂದರೆ ನೂರಕ್ಕೆ 90ಕ್ಕಿಂತ ಹೆಚ್ಚು ಖಚಿತ ಎಂದರ್ಥ, ಪೂರ್ತಿ ಖಚಿತವೆಂದಲ್ಲ. ಹೊಸ ಪುರಾವೆ ಬಂದಾಗ ಈ ದರ್ಜೆಗಳು ಬದಲಾಗುತ್ತವೆ, ಇಂದು ರೋಗಕಾರಕವೆಂದದ್ದು ನಾಳೆ ನಿರುಪದ್ರವಿ ಎನಿಸಬಹುದು, ಇಂದು ಅರ್ಥವಾಗದೆ ವರದಿಯಿಂದ ಬಿಟ್ಟದ್ದು ನಾಳೆ ಗಂಭೀರವಾಗಬಹುದು. ಎರಡನೆಯ ಮಗುವಿನ ಯೋಚನೆಯಲ್ಲಿರುವವರು ಮೊದಲ ಮಗುವಿನ ಕಾಲದ ವರದಿಯನ್ನೇ ಹಿಡಿದು ತೀರ್ಮಾನಿಸುತ್ತಾರೆ, ಏಕೆಂದರೆ ಅದು ಹಳತಾಗಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ದರ್ಜೆ ಬದಲಾದಾಗ ಹಳೆಯ ವರದಿ ಪಡೆದವರನ್ನು ಹುಡುಕಿ ತಿಳಿಸುವ ಹೊಣೆ ಪ್ರಯೋಗಾಲಯದ್ದೋ, ವೈದ್ಯರದ್ದೋ, ಎಷ್ಟು ವರ್ಷಗಳವರೆಗೆ, ಯಾರ ಖರ್ಚಿನಲ್ಲಿ ಎಂಬುದನ್ನು ದಯವಿಟ್ಟು ಬರಹದಲ್ಲಿ ನಿಗದಿಪಡಿಸಿ, ಮತ್ತು ಆ ಮಾತನ್ನು ರಕ್ತ ತೆಗೆಯುವ ಮುನ್ನ ಸಹಿ ಹಾಕಿಸುವ ಒಪ್ಪಿಗೆ ಪತ್ರದಲ್ಲೇ ಸೇರಿಸಿ.

ಇಂತಿ,
ದಂಪತಿಗಳೊಡನೆ ಈ ವರದಿಗಳನ್ನು ಓದುವ ಒಬ್ಬ ಆಪ್ತಸಮಾಲೋಚಕಿ